ಕೊಯ್ಯದೆ ಉಳಿಸಿದ ಹುಂಜದ ಹುಡುಕಾಟ

ಕಾರವಾರದ ಭಾನುವಾರದ ಸಂತೆಯಲ್ಲಿ ಊರಕೋಳಿ ಮಾರುವವರು ಕಾಲು ಕಟ್ಟಿದ ಹುಂಜಗಳನ್ನು ಬುಟ್ಟಿಯ ಅಂಚಿಗೆ ಒರಗಿಸಿ ಇಟ್ಟಿರುತ್ತಾರೆ. ಕೊಳ್ಳಲು ಬಂದವರು ಒಂದನ್ನು ರೆಕ್ಕೆಯ ಬುಡ ಹಿಡಿದು ಎತ್ತಿ, ಕೈಯಲ್ಲೇ ಎರಡು ಸಲ ತೂಗಿ, ಎದೆಯ ಮೇಲೆ ಹೆಬ್ಬೆರಳು ಆಡಿಸಿ, ಮಾಂಸ ತುಂಬಿದ್ದನ್ನು ಆರಿಸಿಕೊಂಡು ಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿಯಲ್ಲಿ ಉಳಿಯುವುದು ಎದೆಮೂಳೆ ಕತ್ತಿಯ ಅಲಗಿನಂತೆ ಎದ್ದು ಕಾಣುವ ಒಂದು ನರಪೇತಲ ಹುಂಜ. ಅದು ಮಾರಾಟವಾಗದೆ ಮನೆಗೆ ಮರಳುತ್ತದೆ, ಮತ್ತು ಮುಂದಿನ ಒಂದು ವರ್ಷ ಆ ಮನೆಯ ಹೇಂಟೆಗಳಿಗೆಲ್ಲ ಅದೇ ಗಂಡು.

ನಮ್ಮ ಕಡೆಯ ಊರಕೋಳಿಗಳು ಏಕೆ ಹೀಗೆ ಸಣ್ಣಗಾಗುತ್ತ ಬಂದಿವೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟೇ. ತಳಿ ಕೆಟ್ಟಿತು, ಮೇವು ಕೆಟ್ಟಿತು ಎಂದು ನಾವು ಹೇಳುತ್ತೇವೆ. ಆದರೆ ನೆಂಟರು ಬಂದಾಗ, ಹರಕೆ ಒಪ್ಪಿಸುವಾಗ, ಜಾತ್ರೆಯ ಮರುದಿನದ ಊಟಕ್ಕೆ, ಎಲ್ಲಕ್ಕೂ ಮೊದಲು ಹೋಗುವುದು ಹಿಂಡಿನ ಅತಿ ದೊಡ್ಡ ಹುಂಜ. ಬೀಜಕ್ಕೆಂದು ಭತ್ತದ ಒಳ್ಳೆಯ ತೆನೆಯನ್ನು ಆರಿಸಿ ಎತ್ತಿಡುವ ಮನೆಗಳಲ್ಲೇ ಕೋಳಿಯ ವಿಷಯದಲ್ಲಿ ನಾವು ತಲೆಮಾರುಗಳಿಂದ ಜೊಳ್ಳನ್ನು ಬಿತ್ತುತ್ತಿದ್ದೇವೆ.

ನನ್ನ ಮನೆ ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ನದಿಯ ದಂಡೆಗೆ ಹತ್ತಿರದಲ್ಲಿದೆ. 2019ರ ಆಗಸ್ಟ್‌ನ ನೆರೆಯಲ್ಲಿ ಕೋಳಿಗೂಡು ಅಡಿಪಾಯಸಮೇತ ಹೋಯಿತು. ಹಲಸಿನ ಮರ ಹತ್ತಿ ಕುಳಿತಿದ್ದ ಮೂರು ಹೇಂಟೆಗಳು ಮಾತ್ರ ಉಳಿದವು. ಅಲ್ಲಿಯವರೆಗೆ ನಾನು ಕೋಳಿ ಸಾಕಿದ್ದು ಎಲ್ಲರ ಹಾಗೆಯೇ, ಇದ್ದದ್ದನ್ನು ಬಿಟ್ಟು, ಬೆಳೆದದ್ದನ್ನು ಕೊಯ್ದು. ಎಲ್ಲವೂ ಹೋದ ಮೇಲೆ ಹೊಸದಾಗಿ ಕಟ್ಟುವುದಾದರೆ ಸರಿಯಾಗಿಯೇ ಕಟ್ಟೋಣ ಎನ್ನಿಸಿತು. ನನಗೆ ಬೇಕಾಗಿದ್ದು ಮನೆಯ ಊಟಕ್ಕೆ ಮತ್ತು ನಾಲ್ಕಾರು ನೆರೆಮನೆಗಳಿಗೆ ಮಾಂಸ ಕೊಡುವ, ವರ್ಷವರ್ಷವೂ ಪೇಟೆಯಿಂದ ಮರಿ ತರಿಸಬೇಕಾಗಿಲ್ಲದ, ತಾನೇ ಕಾವು ಕೂತು ತಾನೇ ಮರಿ ಮಾಡಿಕೊಂಡು ಮುಂದುವರಿಯುವ ಒಂದು ಹಿಂಡು.

ಬ್ರಾಯ್ಲರ್ ಈ ಲೆಕ್ಕಕ್ಕೆ ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಬಿಳಿ ಕೋಳಿಯು ಸಾಮಾನ್ಯವಾಗಿ ನಾಲ್ಕು ಬೇರೆ ಬೇರೆ ವಂಶಗಳನ್ನು ಎರಡು ಹಂತಗಳಲ್ಲಿ ಕೂಡಿಸಿ ತೆಗೆದ ಕೊನೆಯ ಮಾಲು. ಆರು ವಾರಕ್ಕೆ ಎರಡು ಕಿಲೋ ದಾಟುವ ಆ ದೇಹವನ್ನು ಮೊಟ್ಟೆಯಿಡುವ ವಯಸ್ಸಿನವರೆಗೆ ಕಾಲು, ಹೃದಯ ಕೆಡದಂತೆ ಉಳಿಸಬೇಕಾದರೆ ದಿನದಿನವೂ ಮೇವನ್ನು ತೂಗಿ, ಹಿಡಿದು ಹಾಕಬೇಕು. ಹಿತ್ತಿಲಲ್ಲಿ ಅದು ಆಗುವ ಮಾತಲ್ಲ.

ಗಿರಿರಾಜನ ಕಥೆ ಬೇರೆ. ಅದರ ಮೇಲೆ ನಾನು ಎರಡು ವರ್ಷ ಕಳೆದಿದ್ದೇನೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಈ ಬಣ್ಣದ ಕೋಳಿ ಹಿತ್ತಿಲಿಗೆಂದೇ ಹುಟ್ಟಿದ್ದು, ಅನಂತರ ಸ್ವರ್ಣಧಾರಾ ಬಂದದ್ದೂ ಅಲ್ಲಿಂದಲೇ. ಹೈದರಾಬಾದಿನ ಕೇಂದ್ರ ಸರಕಾರದ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ, ಗ್ರಾಮಪ್ರಿಯ ಕೂಡ ಅದೇ ಉದ್ದೇಶದವು. ಇವನ್ನು ನಾನು ಹಳಿಯುವುದಿಲ್ಲ. ತಂದ ಮರಿಗಳು ತೌಡು, ನುಚ್ಚು, ಅಡುಗೆಮನೆಯ ಮಿಕ್ಕಿದ್ದು ತಿಂದುಕೊಂಡೇ ಊರಕೋಳಿಯ ಎರಡು ಪಟ್ಟು ಬೆಳೆದವು, ಸಾರೂ ಚೆನ್ನಾಗಿತ್ತು. ತೊಂದರೆ ಶುರುವಾದದ್ದು ಅವುಗಳ ಮೊಟ್ಟೆಯಿಂದಲೇ ಮರಿ ಮಾಡಹೊರಟಾಗ. ಮೊದಲನೆಯದಾಗಿ ಆ ಹೇಂಟೆಗಳು ಕಾವಿಗೆ ಕೂರಲಿಲ್ಲ. ಹೆಚ್ಚು ಮೊಟ್ಟೆ ಬರಲೆಂದು ಕಾವಿನ ಗುಣವನ್ನು ಬಹುಮಟ್ಟಿಗೆ ಕಳೆದ ತಳಿಗಳಿವು. ಊರಹೇಂಟೆಯ ಅಡಿಯಲ್ಲಿ ಇಟ್ಟು ಮರಿ ಮಾಡಿಸಿದರೆ ಒಂದೇ ಗೂಡಿನ ಮರಿಗಳಲ್ಲಿ ಒಂದು ತಂದೆಯ ಹಾಗೆ ದಪ್ಪ, ಇನ್ನೊಂದು ಕಡ್ಡಿ, ಮತ್ತೊಂದು ಬಣ್ಣದಲ್ಲೂ ಗಾತ್ರದಲ್ಲೂ ಯಾರ ಹಾಗೂ ಅಲ್ಲ. ಬೇರೆ ಬೇರೆ ವಂಶಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಕಾಣುವ ಕಸುವು ಎರಡನೆಯ ಪೀಳಿಗೆಯಲ್ಲಿ ಚದುರಿಹೋಗುತ್ತದೆ. ಮರಿ ತಂದು ಸಾಕಿ ತಿನ್ನುವವರಿಗೆ ಇವು ಒಳ್ಳೆಯ ಕೋಳಿಗಳು. ತಾಯ್ತಂದೆಯಾಗಿ ಇಟ್ಟುಕೊಳ್ಳಲು ನೇರವಾಗಿ ಒದಗುವುದಿಲ್ಲ. ಇದನ್ನು ಮರಿ ಮಾರುವವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಾಗಾಗಿ ತಳಿಯ ಹೆಸರನ್ನು ಬದಿಗಿಟ್ಟು, ಕೋಳಿಗಿಂತ ಮೊದಲು ಕೋಳಿ ಸಾಕುವವರನ್ನು ಹುಡುಕತೊಡಗಿದೆ. ಗಂಗಾವಳಿಯ ಮೇಲ್ದಂಡೆಯ ಕೇರಿಗಳಲ್ಲಿ, ಯಲ್ಲಾಪುರದ ಕಡೆಯ ಕಾಡಂಚಿನ ಮನೆಗಳಲ್ಲಿ, ಶಿರಸಿಯ ಕೆಳಗಿನ ಊರುಗಳಲ್ಲಿ ತಿರುಗುತ್ತ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: ಈ ಮರಿಗಳ ಅಪ್ಪ ಯಾವುದು, ತೋರಿಸುತ್ತೀರಾ? ಹತ್ತರಲ್ಲಿ ಎಂಟು ಮನೆಯವರು ನಕ್ಕರು. ಒಂದು ಕೇರಿಯಲ್ಲಿ ಅಜ್ಜಿಯೊಬ್ಬರು ನಗಲಿಲ್ಲ. ಜಗುಲಿಯ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದವರು ನನ್ನ ಪ್ರಶ್ನೆ ಕೇಳಿ ಕತ್ತರಿಯನ್ನು ಕೆಳಗಿಟ್ಟು, "ತಮ್ಮಾ, ಅದ್ರ ಅಪ್ಪನೂ ಇಲ್ಲೇ ಅದೆ, ಅಜ್ಜನೂ ಇತ್ತು, ಹೋದ ಮಳೆಗಾಲ್ದಾಗೆ ಮುದಿಯಾಗಿ ಸತ್ತೋಯ್ತು" ಎಂದರು. ಮುದಿಯಾಗಿ ಸತ್ತ ಹುಂಜದ ಸುದ್ದಿಯನ್ನು ನಾನು ಜೀವನದಲ್ಲಿ ಕೇಳಿದ್ದು ಅದೇ ಮೊದಲು.

ಆ ಮನೆಯ ಹಿಂಡು ನೋಡಲು ಅಷ್ಟೇನೂ ಚಂದವಿರಲಿಲ್ಲ. ಹೇಂಟೆಗಳು ಕಂದು, ಬೂದು, ಚುಕ್ಕೆಚುಕ್ಕೆಯವು, ಬಿಳಿಯದೊಂದೂ ಇರಲಿಲ್ಲ. ಬಿಳಿ ಮರಿಯನ್ನು ಹದ್ದು ಉಳಿಸುವುದಿಲ್ಲ ಎಂದು ಅಜ್ಜಿ ಹೇಳಿದರು. ಹುಂಜವನ್ನು ಹಿಡಿದುಕೊಟ್ಟಾಗ ನಾನು ಸಂತೆಯವರ ಹಾಗೆಯೇ ಹೆಬ್ಬೆರಳನ್ನು ಎದೆಮೂಳೆಯ ಮೇಲಿಂದ ಹಿಂದಕ್ಕೆ ಎಳೆದೆ. ಮೂಳೆ ನೆಟ್ಟಗಿತ್ತು, ಉದ್ದವಾಗಿತ್ತು, ಅದರ ಎರಡೂ ಬದಿಗೆ ಮಾಂಸ ಬೆರಳಿಗೆ ಹತ್ತುವಷ್ಟು ಅಗಲವಾಗಿ ಕೂತಿತ್ತು. ಕಾಲುಗಳು ಒಂದಕ್ಕೊಂದು ತಾಗದೆ ದೂರದೂರ ನಿಂತಿದ್ದವು, ಬೆರಳುಗಳು ನೆಟ್ಟಗಿದ್ದವು, ಕಾಲಿನ ಚಿಪ್ಪುಗಳು ನಯವಾಗಿ ಕಜ್ಜಿಯಿಲ್ಲದೆ ಇದ್ದವು. ಕಣ್ಣಿನಲ್ಲಿ ನೊರೆಯಿರಲಿಲ್ಲ, ಮೂಗಿನಲ್ಲಿ ಸೋರಿಕೆಯಿರಲಿಲ್ಲ. ಎದೆಗೆ ಕಿವಿಯಿಟ್ಟು ಉಸಿರು ಕೇಳಿದೆ, ಗೊರಗೊರ ಸದ್ದಿರಲಿಲ್ಲ. ಅಜ್ಜಿ ಮಾತ್ರ ನಾನು ಹುಂಜವನ್ನು ಅಪ್ಪಿಕೊಂಡದ್ದನ್ನು ನೋಡಿ ಸೊಸೆಯನ್ನು ಕರೆದು ತೋರಿಸಿದರು.

ಹುಂಜದ ಮೇಲೆ ಇಷ್ಟು ಹೊತ್ತು ಕಳೆಯಲು ಕಾರಣವಿದೆ. ಹತ್ತು ಹೇಂಟೆಗೆ ಒಂದು ಹುಂಜವಿದ್ದರೆ, ಒಂದು ಹೇಂಟೆಯ ದೋಷ ಅದರ ಮರಿಗಳಿಗಷ್ಟೇ ಹೋಗುತ್ತದೆ, ಹುಂಜದ ದೋಷ ಎಲ್ಲ ಮರಿಗಳಿಗೂ ಹೋಗುತ್ತದೆ. ಗಾತ್ರ ಮತ್ತು ಬೆಳವಣಿಗೆಯ ವೇಗ ತಕ್ಕಮಟ್ಟಿಗೆ ತಾಯ್ತಂದೆಯಿಂದ ಮರಿಗೆ ಬರುವ ಗುಣಗಳು. ಆದ್ದರಿಂದ ದೊಡ್ಡದನ್ನು ಆರಿಸಿದರೆ ಮುಂದಿನ ಪೀಳಿಗೆಯಲ್ಲಿ ಫಲ ಕಾಣುತ್ತದೆ. ಮೊಟ್ಟೆ ಫಲಿಸುವುದು, ಮರಿ ಬದುಕುವುದು ಇಂಥವುಗಳಲ್ಲಿ ವಂಶದ ಪಾಲು ಕಡಿಮೆ, ಸಾಕಣೆಯ ಪಾಲು ಹೆಚ್ಚು. ಅವನ್ನು ಒಂದೊಂದೇ ಕೋಳಿಯ ರೂಪ ನೋಡಿ ಆರಿಸಲಾಗದು. ಯಾವ ಹೇಂಟೆ ಎಷ್ಟು ಮೊಟ್ಟೆಗೆ ಕೂತು ಎಷ್ಟು ಮರಿಗಳನ್ನು ಎರಡು ತಿಂಗಳು ದಾಟಿಸಿತು ಎಂಬ ಲೆಕ್ಕ ಬೇಕು. ಅಜ್ಜಿಗೆ ಅದು ಬಾಯಿಪಾಠವಿತ್ತು. ನನಗೆ ಒಂದು ನೋಟ್‌ಬುಕ್ ಬೇಕಾಯಿತು.

ಆ ಮನೆಯಿಂದ ನಾನು ತಂದದ್ದು ಒಂದು ಎಳೆಹುಂಜ ಮತ್ತು ಎರಡು ಹೇಂಟೆ. ಎರಡನೆಯ ವಂಶ ಯಲ್ಲಾಪುರದ ಕಡೆಯಿಂದ ಬಂತು. ಅವು ಬೋಳು ಕುತ್ತಿಗೆಯವು. ಮನೆಗೆ ತಂದ ದಿನ ನೆರೆಯವರು ಇದಕ್ಕೆ ಯಾವ ರೋಗ ಎಂದು ಕೇಳಿದರು. ಕುತ್ತಿಗೆ ಬೋಳಾಗುವುದು ರೋಗವಲ್ಲ, ಒಂದೇ ಒಂದು ವಂಶವಾಹಿಯ ಕೆಲಸ. ಅದು ತಾಯಿ ಅಥವಾ ತಂದೆ ಒಬ್ಬರಿಂದಷ್ಟೇ ಬಂದಿದ್ದರೆ ಕುತ್ತಿಗೆಯ ಕೆಳಗೆ ಎದುರುಗಡೆ ಪುಕ್ಕದ ಒಂದು ಸಣ್ಣ ಗೊಂಚಲು ಉಳಿದಿರುತ್ತದೆ, ಇಬ್ಬರಿಂದಲೂ ಬಂದಿದ್ದರೆ ಕುತ್ತಿಗೆ ಹೆಚ್ಚುಕಡಿಮೆ ಪೂರ್ತಿ ಬೋಳು. ಮೈಯ ಪುಕ್ಕವೂ ಒಟ್ಟಾರೆ ಕಡಿಮೆಯಿರುವುದರಿಂದ ಮೈಯ ಬಿಸಿ ಸುಲಭವಾಗಿ ಹೊರಹೋಗುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಕರಾವಳಿಯ ಬೆವರು ಸುರಿಯುವ ಸೆಕೆಯಲ್ಲಿ ಉಳಿದ ಕೋಳಿಗಳು ಬಾಯಿ ತೆರೆದು ತೇಕುತ್ತ ನೆರಳಿನಲ್ಲಿ ಬಿದ್ದಿರುವಾಗ ಇವು ಮಧ್ಯಾಹ್ನವೂ ತರಗೆಲೆ ಕೆದಕುತ್ತಿರುತ್ತವೆ. ಪುಕ್ಕ ಕೀಳುವ ಕೆಲಸವೂ ಅಷ್ಟು ಕಡಿಮೆ ಎಂದು ಮನೆಯಾಕೆಯ ಅಭಿಪ್ರಾಯ. ನನಗಿಂತ ಮೊದಲು ಈ ತಳಿಯನ್ನು ಒಪ್ಪಿಕೊಂಡವಳು ಅವಳೇ.

ಮೂರನೆಯದಕ್ಕೆ ಮೊಟ್ಟೆ ತಂದೆ. ಶಿರಸಿಯ ಹತ್ತಿರದ ಒಂದು ಮನೆಯಲ್ಲಿ ಒಳ್ಳೆಯ ಹಿಂಡಿತ್ತು, ಆದರೆ ಕೋಳಿ ಕೊಡಲು ಅವರಿಗೆ ಮನಸ್ಸಿರಲಿಲ್ಲ. 14 ಮೊಟ್ಟೆಗಳನ್ನು ಭತ್ತದ ಉಮಿಯಲ್ಲಿ ಹುದುಗಿಸಿ ದೇವಿಮನೆ ಘಟ್ಟದ ತಿರುವುಗಳಲ್ಲಿ ಬೈಕಿನ ಮೇಲೆ ಇಳಿಸಿ ತಂದು, ಅದೇ ಸಂಜೆ ಕಾವಿನ ಹೇಂಟೆಯ ಅಡಿಗೆ ಇಟ್ಟುಬಿಟ್ಟೆ. 21ನೆಯ ದಿನಕ್ಕೆ ಆರು ಮರಿ ಬಂದವು. ದಾರಿಯಲ್ಲಿ ಕುಲುಕಾಡಿದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ತಂಪು ಜಾಗದಲ್ಲಿ ಅಲುಗಿಸದೆ ಇಟ್ಟು, ಆಮೇಲೆ ಕಾವಿಗೆ ಹಾಕಬೇಕೆಂಬುದು ನನಗೆ ಅನಂತರ ತಿಳಿಯಿತು. ಮರುವರ್ಷ ಹಾಗೆಯೇ ಮಾಡಿ, ಏಳನೆಯ ರಾತ್ರಿ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ, ಜೇಡರ ಬಲೆಯಂಥ ಕೆಂಪು ನರಗಳು ಕಾಣದ ಮೂರನ್ನು ತೆಗೆದುಹಾಕಿದೆ. ಉಳಿದ ಹನ್ನೊಂದರಲ್ಲಿ ಒಂಬತ್ತು ಒಡೆದವು. ಮೊಟ್ಟೆ ತರುವುದರಲ್ಲಿ ಒಂದು ಲಾಭವೂ ಇದೆ. ಬೆಳೆದ ಕೋಳಿಯ ಜೊತೆ ಬರುವ ಹೇನು, ಹುಳ, ಬೇಧಿ ಇವುಗಳಲ್ಲಿ ಬಹಳಷ್ಟು ಮೊಟ್ಟೆಯ ಜೊತೆ ಬರುವುದಿಲ್ಲ. ಎಲ್ಲವೂ ತಪ್ಪುತ್ತವೆ ಎಂದಲ್ಲ: ಮರಿಗಳ ಬಿಳಿ ಬೇಧಿ ಮತ್ತು ದೀರ್ಘಕಾಲ ಕಾಡುವ ಉಸಿರಾಟದ ಗೊರಗೊರ ರೋಗ ತಾಯಿಯಿಂದ ಮೊಟ್ಟೆಯೊಳಗೇ ಇಳಿದು ಬರಬಲ್ಲವು. ಮೊಟ್ಟೆ ಕೊಳ್ಳುವಾಗಲೂ ತಾಯಿ ಹಿಂಡನ್ನು ಕಣ್ಣಾರೆ ನೋಡಬೇಕಾಗುವುದು ಇದರಿಂದ.

ಇಲ್ಲಿ ನನ್ನ ಎರಡು ತಪ್ಪುಗಳನ್ನು ಹೇಳಬೇಕು. ಮೊದಲನೆಯದು ಅಂಕದ ಕೋಳಿಯದು. ಅಸೀಲ್ ಜಾತಿಯ ರಕ್ತವಿರುವ ಒಂದು ಹುಂಜವನ್ನು ಅದರ ಎದೆಯ ಅಗಲಕ್ಕೂ ತೊಡೆಯ ಗಟ್ಟಿತನಕ್ಕೂ ಮರುಳಾಗಿ ತಂದಿದ್ದೆ. ಹುಂಜಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೆಂದು ಹುಂಜಕ್ಕೆ ಯಾರೂ ಹೇಳಿರಲಿಲ್ಲ. ಅದರ ಮರಿಗಳು ಎರಡು ತಿಂಗಳಿಗೇ ಒಂದರ ತಲೆ ಇನ್ನೊಂದು ಕುಕ್ಕಿ ರಕ್ತ ಸುರಿಸಿದವು, ಮೇವಿನ ಹೊತ್ತಿನಲ್ಲಿ ಅರ್ಧ ಹಿಂಡು ಬೇಲಿಯ ಆಚೆ ನಿಲ್ಲುವಂತಾಯಿತು. ಮಾಂಸ ಚೆನ್ನಾಗಿತ್ತು, ಬೆಳವಣಿಗೆ ನಿಧಾನ, ಜಗಳ ಮಾತ್ರ ಬೇಗ. ಆ ವಂಶವನ್ನು ಪೂರ್ತಿ ಸಾರಿಗೆ ಹಾಕಿದೆವು.

ಎರಡನೆಯದು ಹೆಚ್ಚು ದುಬಾರಿಯಾದದ್ದು. ಒಬ್ಬ ಮಾರಾಟಗಾರನ ಹತ್ತಿರ ಅಗ್ಗಕ್ಕೆ ಸಿಕ್ಕ ಮೂರು ಹೇಂಟೆಗಳನ್ನು ತಂದವನು ಸಂಜೆಯಾಗಿದ್ದರಿಂದ ಹಿಂಡಿನ ಜೊತೆಯೇ ಗೂಡಿಗೆ ಬಿಟ್ಟೆ. ಐದನೆಯ ದಿನ ಅವುಗಳಲ್ಲಿ ಒಂದು ಹಸಿರು ಹಿಕ್ಕೆ ಹಾಕಿ ಮೂಲೆ ಸೇರಿತು, ಮುಂದಿನ ವಾರದೊಳಗೆ ಕತ್ತು ತಿರುಚಿಕೊಂಡು ಗಿರಗಿರ ತಿರುಗಿ ಬೀಳುವ ಕೋಳಿಗಳನ್ನು ಹೂಳುವುದೇ ಕೆಲಸವಾಯಿತು. ರಾಣಿಖೇತ ರೋಗಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಸುಮಾರು ಎಂಟು ವಾರಕ್ಕೆ ರೆಕ್ಕೆಯ ಕೆಳಗೆ ಚುಚ್ಚುಮದ್ದು. ಹಿತ್ತಿಲಿನವರು ಇದನ್ನು ಬಿಡಲು ಕಾರಣ ಉದಾಸೀನವಷ್ಟೇ ಅಲ್ಲ: ಲಸಿಕೆಯ ಬಾಟಲಿ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೂ ಮಂಜುಗಡ್ಡೆಯಲ್ಲಿ ಇರಬೇಕು. ಹದಿನೈದು ಕೋಳಿಯವನು ಒಬ್ಬನೇ ತಂದರೆ ಉಳಿದದ್ದೆಲ್ಲ ಚರಂಡಿಗೆ. ಈಗ ನಮ್ಮ ಕೇರಿಯ ಏಳು ಮನೆಗಳು ಒಂದು ದಿನ ಗೊತ್ತುಮಾಡಿಕೊಂಡು, ಮೀನು ತರುವ ಥರ್ಮೋಕೋಲ್ ಡಬ್ಬಿಯನ್ನು ತೊಳೆದು ಮಂಜುಗಡ್ಡೆ ತುಂಬಿ, ಪಶು ಆಸ್ಪತ್ರೆಯಿಂದ ಒಂದೇ ಬಾಟಲಿ ತಂದು, ಬೆಳಗ್ಗೆ ಕೋಳಿಗಳನ್ನು ಬಿಡುವ ಮೊದಲೇ ಮನೆಯಿಂದ ಮನೆಗೆ ಹೋಗಿ ಮುಗಿಸುತ್ತೇವೆ. ಹೊರಗಿನಿಂದ ಬಂದ ಯಾವ ಕೋಳಿಯೂ ನಾಲ್ಕು ವಾರ ಹಳೆಯ ಕೊಟ್ಟಿಗೆಯಲ್ಲಿ ಬೇರೆಯೇ ಇರುತ್ತದೆ, ಅದಕ್ಕೆ ಮೇವು ನೀರು ಕೊಡುವುದು ದಿನದ ಕೊನೆಯ ಕೆಲಸ.

ಒಳ್ಳೆಯ ತಾಯ್ತಂದೆ ಸಿಕ್ಕಿದ ಮಾತ್ರಕ್ಕೆ ಹುಡುಕಾಟ ಮುಗಿಯುವುದಿಲ್ಲ ಎಂಬುದು ಮೂರನೆಯ ವರ್ಷ ತಿಳಿಯಿತು. ಒಂದೇ ಹುಂಜ ಇಟ್ಟುಕೊಂಡು ಅದರ ಮಕ್ಕಳಲ್ಲೇ ಮರಿ ಮಾಡಿಸುತ್ತ ಹೋದರೆ ರಕ್ತಸಂಬಂಧ ಬೇಗ ದಟ್ಟವಾಗುತ್ತದೆ. ಫಲಿಸದ ಮೊಟ್ಟೆ, ಚಿಪ್ಪಿನೊಳಗೇ ಸಾಯುವ ಮರಿ, ಕಸುವಿಲ್ಲದ ಬೆಳವಣಿಗೆ ಅದರ ಹಿಂದೆಯೇ ಬರುತ್ತವೆ. ಇದಕ್ಕೊಂದು ಸರಳ ಲೆಕ್ಕವಿದೆ. ಹುಂಜಗಳ ಸಂಖ್ಯೆಯ ಎಂಟು ಪಟ್ಟಿನಿಂದ ಒಂದನ್ನು ಭಾಗಿಸಿ, ಹೇಂಟೆಗಳ ಸಂಖ್ಯೆಯ ಎಂಟು ಪಟ್ಟಿನಿಂದ ಒಂದನ್ನು ಭಾಗಿಸಿ, ಎರಡನ್ನೂ ಕೂಡಿಸಿದರೆ ಒಂದು ತಲೆಮಾರಿಗೆ ಒಳಸಂಬಂಧ ಎಷ್ಟು ಏರುತ್ತದೆ ಎಂಬ ಅಂದಾಜು ಸಿಗುತ್ತದೆ. ಒಂದು ಹುಂಜ, ಹತ್ತು ಹೇಂಟೆಯಾದರೆ ಶೇಕಡಾ 14ರ ಹತ್ತಿರ. ಹೇಂಟೆಗಳನ್ನು ಇಪ್ಪತ್ತು ಮಾಡಿದರೂ ಶೇಕಡಾ 13ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅದೇ ಮೂರು ಹುಂಜ, ಹನ್ನೆರಡು ಹೇಂಟೆಯಾದರೆ ಶೇಕಡಾ 5ರ ಆಸುಪಾಸಿಗೆ ಬರುತ್ತದೆ. ಮೇವಿನ ಖರ್ಚಿನಲ್ಲಿ ಎರಡು ಹುಂಜ ಹೆಚ್ಚು ಸಾಕುವುದು ನಷ್ಟವೆಂದು ನನ್ನ ಅಣ್ಣ ಈಗಲೂ ವಾದಿಸುತ್ತಾನೆ. ಲೆಕ್ಕದ ಹಾಳೆಯನ್ನು ಅವನ ಮುಂದೆ ಇಟ್ಟರೂ ಅವನ ಕಣ್ಣು ಹುಂಜದ ತೊಡೆಯ ಮೇಲೇ ಇರುತ್ತದೆ.

ಆದ್ದರಿಂದ ಹಿಂಡನ್ನು ಮೂರು ಮನೆತನಗಳಾಗಿ ಮಾಡಿದ್ದೇನೆ: ಬಾವಿಯ ಕಡೆಯದು, ಕೊಟ್ಟಿಗೆಯ ಕಡೆಯದು, ತೆಂಗಿನ ಬುಡದ್ದು. ಹೆಣ್ಣುಮರಿ ಹುಟ್ಟಿದ ಮನೆಯಲ್ಲೇ ಉಳಿಯುತ್ತದೆ, ಆರಿಸಿದ ಗಂಡುಮರಿ ಮುಂದಿನ ಮನೆಗೆ ಮನೆಯಳಿಯನಾಗಿ ಹೋಗುತ್ತದೆ. ಬಾವಿಯದು ಕೊಟ್ಟಿಗೆಗೆ, ಕೊಟ್ಟಿಗೆಯದು ತೆಂಗಿಗೆ, ತೆಂಗಿನದು ಬಾವಿಗೆ. ಮರಿಗಳ ಕಾಲಿಗೆ ಮೂರು ಬಣ್ಣದ ವಯರಿನ ಸಿಪ್ಪೆಯ ಬಳೆ. ಬೆಳೆದಂತೆ ಬಿಗಿಯಾಗುವುದರಿಂದ ತಿಂಗಳಿಗೊಮ್ಮೆ ಬದಲಾಯಿಸಬೇಕು, ಮರೆತರೆ ಕಾಲಿಗೆ ಕಚ್ಚಿಕೊಳ್ಳುತ್ತದೆ. ವರ್ಷವಿಡೀ ಎಲ್ಲವೂ ಒಟ್ಟಿಗೇ ಮೇಯುತ್ತವೆ, ಮರಿ ಮಾಡಿಸುವ ಕಾಲದಲ್ಲಿ ಮಾತ್ರ ಹಳೆಯ ಮೀನುಬಲೆ ಕಟ್ಟಿ ಬೇರೆ ಮಾಡುತ್ತೇನೆ. ಹುಂಜದ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಜೀವಂತವಿರುತ್ತದೆ. ಹಾಗಾಗಿ ಬೇರೆ ಮಾಡಿ ಮೂರು ವಾರ ಕಳೆಯುವವರೆಗಿನ ಮೊಟ್ಟೆಗಳೆಲ್ಲ ಆಮ್ಲೆಟ್ಟಿಗೆ.

ಮರಿ ಮಾಡಿಸುವುದು ದೀಪಾವಳಿಯ ಸುತ್ತಮುತ್ತ. ಮಳೆಗಾಲದ ಮರಿ ನಮ್ಮ ಕಡೆ ಉಳಿಯುವುದು ಕಷ್ಟ: ಗೂಡು ಒದ್ದೆ, ಬಿಸಿಲಿಲ್ಲ, ಮುಂಗುಸಿಗೆ ಮರೆ. ದೀಪಾವಳಿಯ ಮರಿಗಳಿಗೆ ಒಣ ನೆಲ, ಕೊಯ್ದ ಗದ್ದೆಯ ಉದುರುಕಾಳು, ಗೆದ್ದಲು, ಅಡುಗೆಮನೆಯ ಮೀನಿನ ತಲೆ ಎಲ್ಲ ಸಿಗುತ್ತವೆ. 12 ವಾರಕ್ಕೆ ಪ್ರತಿಯೊಂದನ್ನೂ ಚೀಲದಲ್ಲಿ ಹಾಕಿ ಕೊಕ್ಕೆಯ ತಕ್ಕಡಿಗೆ ತೂಗಿಸಿ, ಪ್ರತಿ ಮನೆತನದಲ್ಲಿ ತೂಕದ ಮೇಲಿನ ಮೂರು ಗಂಡುಗಳ ಬಳೆಗೆ ಇನ್ನೊಂದು ಗಂಟು ಹಾಕುತ್ತೇನೆ. ಗಂಟಿನ ಕೋಳಿಯನ್ನು ಯಾವ ನೆಂಟರು ಬಂದರೂ ಮುಟ್ಟುವಂತಿಲ್ಲ ಎಂಬುದು ಮನೆಯ ಕಾನೂನು. ಆರು ತಿಂಗಳಿಗೆ ಆ ಮೂರರಲ್ಲಿ ಕಾಲು ನೆಟ್ಟಗಿರುವ, ಮಕ್ಕಳನ್ನು ಕುಕ್ಕಲು ಬರದ ಒಂದು ಉಳಿಯುತ್ತದೆ, ಎರಡು ಅಡುಗೆಗೆ. ಮೊದಲ ವರ್ಷ 12 ವಾರದ ಗಂಡುಗಳು ಸರಾಸರಿ 720 ಗ್ರಾಂ ತೂಗಿದ್ದವು, ಈ ವರ್ಷ 910. ಪೇಟೆಯ ಕೋಳಿಯ ಮುಂದೆ ಇದು ನಗೆಪಾಟಲಿನ ತೂಕ. ಆದರೆ ಈ ಮರಿಗಳಿಗಾಗಿ ನಾನು ಮರಿಯ ಅಂಗಡಿಗೆ ಒಂದು ರೂಪಾಯಿ ಕೊಟ್ಟಿಲ್ಲ, ಕರೆಂಟು ಹೋದ ರಾತ್ರಿ ಕಾವಿನ ಪೆಟ್ಟಿಗೆಯ ಮುಂದೆ ಎದ್ದು ಕೂತಿಲ್ಲ.

ಹೋದ ತಿಂಗಳು ಗಂಗಾವಳಿ ದಂಡೆಯ ಅಜ್ಜಿಯ ಸೊಸೆ ಫೋನ್ ಮಾಡಿದ್ದರು. ಅವರ ಹಳೆಯ ಹುಂಜವನ್ನು ಕಾಡುಬೆಕ್ಕು ಹೊತ್ತೊಯ್ದಿದೆ, ಕೊಟ್ಟ ವಂಶದ್ದೇ ಒಂದು ಇದ್ದರೆ ಬೇಕಿತ್ತು ಎಂದರು. ಬಾವಿಯ ಮನೆತನದ ಎರಡನೆಯ ತೂಕದ ಹುಂಜವನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೋದೆ. ಅಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಎದೆಮೂಳೆಯ ಮೇಲೆ ಹೆಬ್ಬೆರಳು ಎಳೆದು, ಕಾಲಿನ ಬಳೆಯ ಗಂಟು ಏನೆಂದು ಕೇಳಿದರು. ಹೇಳಿದೆ. "ಹಂಗಾರೆ ಮೊದ್ಲನೇದು ಎಲ್ಲದೆ?" ಎಂದರು. ಅದನ್ನು ನಾನೇ ಇಟ್ಟುಕೊಂಡಿದ್ದೇನೆ ಎಂದು ಹೇಳಲು ಸ್ವಲ್ಪ ಹೊತ್ತು ಹಿಡಿಯಿತು.